ನಿನ್ನ ಆ ಒಂದು ಸಾಲಿಗೆ

ಚಿರಂಜೀವಿ ಪುಟ್ಟೂಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕೂಸಿನ ತೂಕ, ಹೆಸರಿನ ಚರ್ಚೆ, ಬಾಣಂತಿಯ ಆರೋಗ್ಯ ಎಲ್ಲ ಓದಿ ಸಂತೋಷವಾಯಿತು. ಅದಕ್ಕೆಲ್ಲ ಇನ್ನೊಂದು ಸಲ ಉತ್ತರ ಬರೆಯುತ್ತೇನೆ. ಕೊನೆಯ ಹಾಳೆಯ ಅಡಿಯಲ್ಲಿ, ಬರೆಯಲೋ ಬೇಡವೋ ಅನ್ನುವ ಹಾಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. "ಮಗುವನ್ನು ಎತ್ತಿಕೊಂಡರೆ ನನಗೆ ಏನೂ ಅನ್ನಿಸುವುದಿಲ್ಲ ಅತ್ತೆ. ನಾನೂ ಅಪ್ಪನ ಹಾಗೇ ಇರಬೇಕು."

ನಿಮ್ಮಪ್ಪ ಹೇಗಿದ್ದ ಅನ್ನುವುದನ್ನು ನಾನು ನಿನಗೆ ಹೇಳಬೇಕಾಗಿಲ್ಲ, ನೀನು ನನಗೆ ಹೇಳಬೇಕಾಗಿಲ್ಲ. ಅವನು ನನ್ನ ತಮ್ಮ. ಆದರೂ "ಒಳಗೊಳಗೇ ಅವನಿಗೆ ನಿನ್ನ ಮೇಲೆ ಬೆಟ್ಟದಷ್ಟು ಪ್ರೀತಿ ಇತ್ತು ಕಣೋ" ಅಂತ ಮನೆಮಂದಿಯೆಲ್ಲ ಹೇಳುವ ಮಾತನ್ನು ನಾನು ಹೇಳುವುದಿಲ್ಲ. ಇದ್ದಿರಬಹುದು. ಆದರೆ ಒಳಗಿರುವುದು ಮಗುವಿಗೆ ಹೇಗೆ ಕಾಣಬೇಕು? ಅದಕ್ಕೆ ಬೇಕಾದದ್ದು ಮುಖ, ದನಿ, ಕೈ. ಅದು ನಿನಗೆ ಅವನಿಂದ ಸಿಗಲಿಲ್ಲ. ಆ ನೋವು ನಿನ್ನದು. ಮರೆತುಬಿಡು ಅಂತ ಹೇಳುವ ಅಧಿಕಾರ ನನಗಿಲ್ಲ.

ಆದರೆ ಅವನು ಹುಟ್ಟಾ ಹಾಗಿದ್ದವನಲ್ಲ ಪುಟ್ಟೂ. ನಿನ್ನ ಹೆದರಿಕೆ ನಿಂತಿರುವುದೇ ಆ ಎಣಿಕೆಯ ಮೇಲೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಚಿಕ್ಕತ್ತೆ ಹುಟ್ಟಿದಾಗ ನಿಮ್ಮಪ್ಪ ಇನ್ನೂ ಸಣ್ಣ ಹುಡುಗ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದು ಕಡೆ ವಾಲಿಕೊಂಡೇ ಊರೆಲ್ಲ ತಿರುಗುತ್ತಿದ್ದ. ಅವಳ ಮೂಗು ಸೋರಿದರೆ ತನ್ನ ಅಂಗಿಯ ಚುಂಗಿನಿಂದಲೇ ಒರೆಸುತ್ತಿದ್ದ. ರಾತ್ರಿ ಅವಳು ಎದ್ದರೆ ನಮ್ಮಮ್ಮನಿಗಿಂತ ಮೊದಲು ಇವನು ಏಳುತ್ತಿದ್ದ. ಒಂದು ದಿನ ಯಾರೋ ದೊಡ್ಡವರು, "ಇದೇನೋ ಹೆಣ್ಣಿಗನ ಹಾಗೆ, ಇಳಿಸೋ ಅವಳನ್ನ" ಅಂದರು. ಎಲ್ಲರೂ ನಕ್ಕರು. ಅವನು ಅಲ್ಲೇ ಇಳಿಸಿದ. ಮತ್ತೆ ಅವಳನ್ನು ಎತ್ತಿಕೊಂಡಿದ್ದನ್ನು ನಾನು ನೋಡಲಿಲ್ಲ. ಅವಳು ಅವನ ಕಾಲು ಹಿಡಿದು "ಎತ್ಕೋ" ಅಂತ ಅಳುತ್ತಿದ್ದಳು, ಅವನು ಕೈಯನ್ನು ಚಡ್ಡಿಯ ಜೇಬಿನೊಳಗೆ ಇಟ್ಟುಕೊಂಡು ನಿಂತಿರುತ್ತಿದ್ದ.

ನೀನು ಹುಟ್ಟಿದಾಗ ಅವನು ಒಂದೆರಡು ಸಲ ಕೈ ಚಾಚಿದ್ದು ನನಗೆ ನೆನಪಿದೆ. ಮನೆ ತುಂಬ ಹೆಂಗಸರು. "ಕತ್ತು ನಿಂತಿಲ್ಲ, ನಿನಗೆ ಬರಲ್ಲ, ಕೊಡು ಇತ್ತ" ಅನ್ನುವ ಮಾತು ಒಬ್ಬರಲ್ಲ ಒಬ್ಬರ ಬಾಯಲ್ಲಿ. ಆಮೇಲೆ ಅವನು ಕೈ ಚಾಚುವುದನ್ನೇ ಬಿಟ್ಟ. ಅದಕ್ಕೆ ಗಾಂಭೀರ್ಯ ಅಂತ ಹೆಸರೂ ಬಂತು. ಅವನ ತಪ್ಪನ್ನು ಮುಚ್ಚಲು ಇದನ್ನು ಹೇಳುತ್ತಿಲ್ಲ. ದೊಡ್ಡವನಾದ ಮೇಲೆ ನಿನ್ನ ಹತ್ತಿರ ಬಂದು ಕೂರಲು ಅವನನ್ನು ಯಾರೂ ತಡೆದಿರಲಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಮಗುವಿನ ಅಭ್ಯಾಸ ತಪ್ಪಿಹೋಗುವುದು ಹೇಗೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ರಕ್ತದಲ್ಲಿ ಬರುವುದಲ್ಲ ಅದು.

ನಮ್ಮಪ್ಪನ ವಿಷಯವೂ ಹೀಗೇ ಇತ್ತೇನೋ. ತಾಯಿಯಿಲ್ಲದೆ ಬೆಳೆದವರು, ಆ ಕತೆ ನಿನಗೆ ಗೊತ್ತೇ ಇದೆ. ಅವರ ಚಪ್ಪಲಿಯ ಸದ್ದು ಕೇಳಿದರೆ ನಾವು ಮಕ್ಕಳೆಲ್ಲ ಮಾತು ನಿಲ್ಲಿಸುತ್ತಿದ್ದೆವು. ಅವರ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಎಷ್ಟೊಂದು ಹೊತ್ತು ಕೂತಿದ್ದೆ. "ಅಪ್ಪಾ, ಚಿಕ್ಕವರಿದ್ದಾಗ ನಿಮ್ಮನ್ನು ಯಾರು ಎತ್ತಿಕೊಳ್ಳುತ್ತಿದ್ದರು?" ಅಂತ ಕೇಳಬೇಕು ಅನ್ನಿಸುತ್ತಿತ್ತು. ಮಾತು ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಈಗಲೂ ಕೆಲವು ರಾತ್ರಿ ಆ ಪ್ರಶ್ನೆ ಹಾಗೇ ಎದ್ದು ಕೂರುತ್ತದೆ. ಉತ್ತರ ಕೊಡುವವರು ಯಾರೂ ಉಳಿದಿಲ್ಲ.

ಎಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ. ಏನೂ ಅನ್ನಿಸುವುದಿಲ್ಲ ಅಂದೆಯಲ್ಲ.

ನಾನು ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿದ್ದವಳು. ನೀನು ಬರೆದ ಇದೇ ಮಾತನ್ನು ಎಷ್ಟು ಜನ ಗಂಡಸರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ತಾಯಂದಿರೂ ಹೇಳುತ್ತಿದ್ದರು, ಆದರೆ ಪಿಸುಮಾತಿನಲ್ಲಿ, ಯಾರಾದರೂ ಕೇಳಿಸಿಕೊಂಡಾರು ಅಂತ ಬಾಗಿಲ ಕಡೆ ನೋಡುತ್ತಾ. ಕೂಸನ್ನು ಬರಿಮೈಯಲ್ಲಿ ಎದೆಗೆ ಅಪ್ಪಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ ಅಂತ ಒಂದಿದೆ. 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಶುರುಮಾಡಿದ್ದು. ಕೂಸುಗಳಿಗೆಲ್ಲ ಸಾಕಾಗುವಷ್ಟು ಇನ್‌ಕ್ಯುಬೇಟರ್ ಇರಲಿಲ್ಲ, ಹಾಗಾಗಿ ತಾಯಿಯ ಮೈಯ ಶಾಖವೇ ಅವಕ್ಕೆ ಆಸರೆಯಾಯಿತು. ತಾಯಿಗೆ ಆಗದ ಹೊತ್ತಿನಲ್ಲಿ ನಮ್ಮ ವಾರ್ಡಿನಲ್ಲಿ ತಂದೆಯನ್ನು ಕೂರಿಸುತ್ತಿದ್ದೆವು.

ಒಬ್ಬ ಹುಡುಗ ಬರುತ್ತಿದ್ದ, ನಿನ್ನ ವಯಸ್ಸಿನವನೇ. "ಸಿಸ್ಟರ್, ಇದು ನನ್ನ ಮಗು ಅಂತ ಗೊತ್ತು, ಆದರೆ ಅನ್ನಿಸ್ತಿಲ್ಲ" ಅಂದ. ಅಂಗಿಯ ಗುಂಡಿ ಬಿಚ್ಚಿಸಿ ಕೂಸನ್ನು ಅವನ ಎದೆಯ ಮೇಲೆ ಮಲಗಿಸಿದೆ. ಪವಾಡವೇನೂ ನಡೆಯಲಿಲ್ಲ. ಉಸಿರು ಬಿಗಿಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ಕೂತ. ಮರುದಿನವೂ ಹಾಗೇ. ಆಮೇಲೆ ಹಲವು ದಿನ ಹಾಗೇ. ಒಂದು ಮಧ್ಯಾಹ್ನ ಹೊಸದಾಗಿ ಬಂದ ನರ್ಸ್ ತೂಕ ನೋಡಲು ಕೂಸನ್ನು ಎತ್ತಿಕೊಂಡಳು. ಇವನು ಎದ್ದುನಿಂತು, "ಮೆತ್ತಗೆ ಸಿಸ್ಟರ್, ಮೊದಲು ಅಂಗಾಲಿಗೆ ಕೈ ಕೊಡಿ, ಇಲ್ಲದಿದ್ದರೆ ಬೆಚ್ಚಿಬೀಳ್ತಾನೆ" ಅಂದ. ಆ ಕೂಸಿನ ಅಂಗಾಲಿನ ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತನಗೇನೂ ಅನ್ನಿಸುತ್ತಿಲ್ಲ ಅನ್ನುತ್ತಿದ್ದವನಿಗೆ ಗೊತ್ತಿತ್ತು.

ನನಗೆ ಅನ್ನಿಸುವುದು ಇಷ್ಟೇ. ಎದೆ ತುಂಬಿಬರುವುದನ್ನು ಕಾಯುತ್ತಾ ಕೂರಬೇಡ. ಕೆಲವರಿಗೆ ಮೊದಲ ದಿನವೇ ಬರುತ್ತದೆ, ಅವರ ಪುಣ್ಯ. ತುಂಬ ಜನರಿಗೆ ಅದು ಕೆಲಸದ ಹಿಂದೆ ಬರುತ್ತದೆ, ಅದೂ ನಿಧಾನವಾಗಿ. ಯಾವುದಾದರೂ ಒಂದು ಕೆಲಸ ನಿನ್ನದೇ ಮಾಡಿಕೋ. ಬಟ್ಟೆ ಬದಲಿಸುವುದೋ, ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುವುದೋ. ಕತ್ತಿನ ಮಡಿಕೆಯೊಳಗೆ ಹಾಲು ಇಳಿದು ಒಣಗಿ ಕೆಂಪಗಾಗುತ್ತದೆ ನೋಡು, ಅದನ್ನು ಒದ್ದೆ ಹತ್ತಿಯಿಂದ ಒರೆಸುವುದಿದೆ, ಬಹಳ ಜನ ಮರೆಯುತ್ತಾರೆ. ಯಾರಾದರೂ "ಕೊಡು ಇತ್ತ" ಅಂದರೆ ಕೊಡಬೇಡ. ದೊಡ್ಡವಳಾಗಿ ನಾನೇ ಹೀಗೆ ಹೇಳುವುದು ಸರಿಯೋ ತಪ್ಪೋ, ಹೇಳಿಬಿಟ್ಟೆ.

ಇನ್ನೊಂದು ಮಾತು. ನಿನ್ನ ಕೂಸಿಗೆ ಈಗ ಐದು ವಾರ. ಅದಕ್ಕೆ ಸ್ಪಷ್ಟವಾಗಿ ಕಾಣುವುದೇ 20ರಿಂದ 30 ಸೆಂಟಿಮೀಟರ್ ದೂರದವರೆಗೆ. ಮುಖ ನೋಡಿ ನಗುವುದು ಸಾಮಾನ್ಯವಾಗಿ 6ರಿಂದ 8ನೇ ವಾರದ ಹೊತ್ತಿಗೆ. ಅಂದರೆ ಇಷ್ಟು ದಿನ ನೀನು ಕೊಟ್ಟದ್ದಕ್ಕೆ ಅದು ಏನನ್ನೂ ತಿರುಗಿಸಿ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಅಳು ಮಾತ್ರ ಇತ್ತು, ಅದೂ ಈ ವಾರಗಳಲ್ಲೇ ಅತಿ ಹೆಚ್ಚು. ಇಂಥ ಹೊತ್ತಿನಲ್ಲಿ ಕೂತು ನೀನು ನಿನ್ನ ಮೇಲೆ ತೀರ್ಪು ಬರೆಯುತ್ತಿದ್ದೀಯ. ಹತ್ತಿರ ಹಿಡಿ, ಮುಖಕ್ಕೆ ಮುಖ ಕೊಟ್ಟು. ಏನು ಮಾತಾಡಬೇಕು ಅಂತ ತೋಚದಿದ್ದರೆ ದಿನವೆಲ್ಲ ಏನು ಮಾಡಿದೆ ಅಂತ ಹೇಳು.

ಅಪ್ಪನ ಹಾಗೇ ಅಂದೆಯಲ್ಲ, ಮತ್ತೆ ಅಲ್ಲಿಗೇ ಬಂದೆ. ನಿಮ್ಮಪ್ಪನಿಗೆ ಈ ಹೆದರಿಕೆ ಬಂದಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ, ಅವನು ಒಬ್ಬರ ಮುಂದೆಯೂ ಬಾಯಿಬಿಡಲಿಲ್ಲ. ನೀನು ಬಿಟ್ಟಿದ್ದೀಯ. ಅಷ್ಟರಮಟ್ಟಿಗೆ ನೀನು ಆಗಲೇ ಬೇರೆ ದಾರಿಯಲ್ಲಿದ್ದೀಯ ಅಂತ ನನ್ನ ನಂಬಿಕೆ. ಎಡ್ವರ್ಡ್ ಟ್ರಾನಿಕ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ತಾಯಿ-ಮಕ್ಕಳನ್ನು ಎದುರುಬದುರು ಕೂರಿಸಿ ವರ್ಷಗಟ್ಟಲೆ ಗಮನಿಸಿದವರು. ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ಭಾವ ಹೊಂದಿಕೊಂಡಿರುವುದು ಹೆಚ್ಚುಕಡಿಮೆ ಶೇ. 30ರಷ್ಟು ಹೊತ್ತು ಮಾತ್ರವಂತೆ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡುವುದು. ನಿಮ್ಮಪ್ಪ ತಪ್ಪಿದ, ಮತ್ತೆ ಕೂಡಲಿಲ್ಲ. ನನಗೆ ಕಾಣುವ ವ್ಯತ್ಯಾಸ ಅಲ್ಲಿದೆ.

ಇದನ್ನು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ಬಾಣಂತಿಯರಿಗೆ ಬರುವ ಖಿನ್ನತೆಯ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ತಂದೆಯಂದಿರಿಗೂ ಬರುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದುವರೆಗಿನ ಹಲವು ಸಮೀಕ್ಷೆಗಳನ್ನು ಒಟ್ಟುಹಾಕಿ ನೋಡಿತು. ಸುಮಾರು 10 ಜನ ತಂದೆಯರಲ್ಲಿ ಒಬ್ಬರಿಗೆ ಅದು ಇತ್ತು, ಮಗುವಿಗೆ 3ರಿಂದ 6 ತಿಂಗಳಾಗುವಾಗ ಹೆಚ್ಚು. ಗಂಡಸರಲ್ಲಿ ಅದು ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ. ಸಿಡಿಮಿಡಿ, ಆಫೀಸಿನಿಂದ ತಡವಾಗಿ ಬರುವುದು, ಯಾವುದರಲ್ಲೂ ರುಚಿಯಿಲ್ಲದಿರುವುದು, ಹೀಗೆ ಕಾಣುತ್ತದೆ. ಕೂಸು ಮಲಗಿದಾಗಲೂ ನಿನಗೆ ನಿದ್ದೆ ಬರುತ್ತಿಲ್ಲವಾ? ಮಗುವಿನ ಮೇಲಷ್ಟೇ ಅಲ್ಲದೆ ಬೇರೆಲ್ಲದರ ಮೇಲೂ ಮನಸ್ಸು ಬರಿದಾಗಿದೆಯಾ? ಎರಡು ವಾರ ಕಳೆದರೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗು. ಬದುಕೇ ಬೇಡ ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಅನ್ನಿಸಿದರೆ, ಎರಡು ವಾರ ಅಲ್ಲ, ಒಂದು ಗಂಟೆಯೂ ಕಾಯಬೇಡ. ನಿಮ್ಮಪ್ಪನಿಗೂ ಅದೇ ಕಾಯಿಲೆ ಇತ್ತೇನೋ ಅಂತ ನನಗೆ ಈಚೆಗೆ ಸಂಶಯ ಬರುತ್ತದೆ. ಆ ಕಾಲಕ್ಕೆ ಗಂಡಸನ್ನು ಈ ಪ್ರಶ್ನೆ ಕೇಳುವವರೇ ಇರಲಿಲ್ಲ.

ನಿನ್ನ ಹೆಂಡತಿಗೆ ಹೇಳಿದ್ದೀಯಾ? ಪತ್ರದಲ್ಲಿ ಆ ವಿಷಯ ಇರಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನನಗೆ ಬರೆದ ಸಾಲನ್ನೇ ಅವಳಿಗೂ ಹೇಳು, ಆದರೆ ಅವಳು ಒಂದಿಷ್ಟು ನಿದ್ದೆ ಮಾಡಿ ಎದ್ದಿರುವ ಹೊತ್ತು ನೋಡಿ. ಅವಳಿಗೂ ಏನೋ ಹೇಳುವುದಿರಬಹುದು.

ನಿಮ್ಮಪ್ಪ ಮುಂದಿನ ತಿಂಗಳು ಅಲ್ಲಿಗೆ ಬರುತ್ತಾನಂತೆ. ಕೂಸನ್ನು ಅವನ ಕೈಗೆ ಕೊಡಬೇಕೋ ಬೇಡವೋ ಅದು ನಿನಗೆ ಬಿಟ್ಟದ್ದು. ನಿನ್ನ ಮನಸ್ಸು ಒಪ್ಪದಿದ್ದರೆ ಬಲವಂತ ಮಾಡಿಕೊಳ್ಳಬೇಡ. ಕೊಡುವುದಾದರೆ, ಕತ್ತಿನ ಕೆಳಗೆ ಕೈ ಹೇಗಿಡಬೇಕು ಅಂತ ನೀನೇ ತೋರಿಸಿಕೊಡು.

ರಾತ್ರಿ ಎಷ್ಟು ಹೊತ್ತು ಮಲಗುತ್ತೀಯ ಅಂತ ಮರುಟಪಾಲಿನಲ್ಲಿ ಬರೆ. ಆ ಸಾಲಿನ ಬಗ್ಗೆಯೂ ಬರೆ, ಹಾಗೇ ಇದ್ದರೂ ಬರೆ.

ಇಂತಿ ನಿನ್ನ,
ಅತ್ತೆ