ಟ್ರಿನಿಡಾಡ್‌ನ ಅಮ್ಮ, ನಿಮಗೆ ಥ್ಯಾಂಕ್ಸ್

ಸಾಂಗ್ರೆ ಗ್ರಾಂಡೆ ಪೇಟೆಯಲ್ಲಿ ಕತ್ತಲಾಗುವ ಹೊತ್ತಿಗೆ ನಮ್ಮನ್ನು ಕಾರಿಗೆ ಹತ್ತಿಸಿಕೊಂಡಿರಲ್ಲ, ಅಮ್ಮ, ಇದು ನಿಮಗೇ. ಆಮೆಗಳು ಮೊಟ್ಟೆ ಇಡೋ ಕಡಲತೀರದ ಊರು ಗ್ರಾಂಡ್ ರಿವಿಯೇರ್‌ಗೆ ಮ್ಯಾಕ್ಸಿ ಟ್ಯಾಕ್ಸಿ (ಮಿನಿಬಸ್) ಇನ್ನು ಸಿಗಲ್ಲ ಅಂತ ಹೇಳಿ ಸುಮ್ನೆ ಹೋಗಬಹುದಿತ್ತು, ಅಲ್ವಾ? ಟೋಕೋ ದಾಟಿ, ಆ ತಿರುವುಗಳ ರಸ್ತೆಯಲ್ಲಿ ಊರಿನವರೆಗೂ ಬಿಟ್ಟಿರಿ. ದಾರಿಯಲ್ಲಿ ಕಾಗದದಲ್ಲಿ ಸುತ್ತಿದ ಡಬಲ್ಸ್ ಅನ್ನೋ ತಿಂಡಿ ಕೊಟ್ಟಿರಿ. ಮೆತ್ತಗಿನ ಬಾರಾ ಅಂದ್ರೆ ಕರಿದ ರೊಟ್ಟಿ, ಮೇಲೆ ಬೇಯಿಸಿದ ಕಡಲೆ. ಖಾರ ಮಾತ್ರ ಜಾಸ್ತಿನೇ!

ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಪರ್ಮಿಟ್ ಇಲ್ಲದೆ ಅಲ್ಲಿನ ಮರಳಿಗೆ ಇಳಿಯುವಂತಿಲ್ಲ. ಗೈಡ್ ಹತ್ರ ಮಾತಾಡಿ ಅದನ್ನೂ ನೀವೇ ಸರಿಮಾಡಿದಿರಿ. ಕೆಂಪು ಟಾರ್ಚ್ ಬೆಳಕಲ್ಲಿ ದೊಡ್ಡ ಲೆದರ್‌ಬ್ಯಾಕ್ ಆಮೆ ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆ ಇಡುವುದನ್ನು ಕಣ್ತುಂಬ ನೋಡಿದೆವು. ಪೆಟ್ರೋಲ್‌ಗೆ ದುಡ್ಡು ಕೊಡಲು ಬಂದರೆ ಬೈದಿರಿ. ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ.