ಮಗಳಿಗೊಂದು ಪತ್ರ: ಕೇಳಿದವರಿಗೆಲ್ಲ ಆಧಾರ್ ಕೊಡಬೇಡ

ತುಮಕೂರು

ಪ್ರೀತಿಯ ಪುಟ್ಟಿ,

ಪಿಜಿ ಓನರ್ ಆಧಾರ್, ಪ್ಯಾನ್ ಎರಡನ್ನೂ ವಾಟ್ಸ್ಯಾಪ್ ಮಾಡು ಅಂದಿದ್ದಾರೆ, ಕಳಿಸಲಾ ಅಂತ ನಿನ್ನೆ ಕೇಳಿದೆ. ಅಂಗಡಿ ತುಂಬ ಗಿರಾಕಿಗಳಿದ್ದರು, ತಡಿ ಅಂದೆ ಅಷ್ಟೇ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವೂ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಆಧಾರ್ ಕೊಡು. ಮನೆಯಲ್ಲಿ ಯಾರಿದ್ದಾರೆ ಅನ್ನೋದಕ್ಕೆ ಅವರ ಹತ್ತಿರವೂ ಒಂದು ದಾಖಲೆ ಇರಬೇಕಲ್ಲ. ಆದರೆ ಮಾಸ್ಕ್ಡ್ ಆಧಾರ್ ಕೊಡು. ಆಧಾರ್ ಕೊಡುವ ಸರ್ಕಾರಿ ಸಂಸ್ಥೆ ಯುಐಡಿಎಐ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆ ಸಿಗುತ್ತದೆ. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಅದರ ಮೇಲೆ ಅಡ್ಡಡ್ಡ 'ಪಿಜಿ ವಾಸಕ್ಕೆ ಮಾತ್ರ' ಅಂತ ಬರೆದು ತಾರೀಖು ಹಾಕು. ಪ್ಯಾನ್ ಕೊಡಬೇಡ. ಪಿಜಿಯಲ್ಲಿ ಮಲಗೋದಕ್ಕೆ ಪ್ಯಾನ್ ಯಾಕೆ? ನಿಜ ಹೇಳಬೇಕೆಂದರೆ, ವರ್ಷದ ಬಾಡಿಗೆ 1 ಲಕ್ಷ ದಾಟಿ ನೀನು ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೇಳಿದರೆ, ಓನರ್ ಪ್ಯಾನನ್ನು ನೀನು ಕಂಪನಿಗೆ ಕೊಡಬೇಕಾಗುತ್ತದೆ. ಒಂದು ಸಲ ಕೇಳಿ ನೋಡು, ಮುಖ ಹೇಗಾಗುತ್ತೆ ಅಂತ!

ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಅರ್ಧ ಜಿಲ್ಲೆಯ ಜಾತಕ ಗೊತ್ತಿರುತ್ತದೆ. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯವರು ಪ್ಲಾಸ್ಟಿಕ್ ಕವರ್ ಬಿಚ್ಚಿ ಕೌಂಟರ್ ಮೇಲೆ ಸುರಿಯುತ್ತಾರೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಎಲ್ಲ. 'ಏನು ಬೇಕೋ ತಗೊಳ್ಳಿ ಸಾರ್' ಅಂತಾರೆ. ಕೆಲವರು ಒರಿಜಿನಲ್ಲನ್ನು ಗಾಜಿನ ಮೇಲೇ ಬಿಟ್ಟು ಬಸ್ ಹತ್ತಿರುತ್ತಾರೆ. ಪ್ರಿಂಟಿಗೆ ಅಂತ ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದು ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನಾನು ಶಟರ್ ಎಳೆಯುವ ಮುಂಚೆ ಅಳಿಸುತ್ತೇನೆ. ಎಲ್ಲರೂ ಅಳಿಸುತ್ತಾರೆ ಅಂತ ಗ್ಯಾರಂಟಿ ಕೊಡಲಾರೆ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲಪ್ಪಾ ಅನ್ನಬೇಡ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಹೆಸರು ಗೊತ್ತಿದ್ದು, ವಯಸ್ಸು ಅಂದಾಜು ಮಾಡಬಲ್ಲವನಿಗೆ ಅದೇನು ಬೀಗ?

ಹಾಗಂತ ಬರೀ ಜೆರಾಕ್ಸ್ ಹಿಡಿದು ನಿನ್ನ ಖಾತೆಯ ದುಡ್ಡು ತೆಗೆಯೋಕಾಗಲ್ಲ. ಅಷ್ಟು ಹೆದರಬೇಡ. ತೊಂದರೆ ಬೇರೆ ದಾರಿಯಲ್ಲಿ ಬರುತ್ತದೆ. ನಿನ್ನ ಹೆಸರಲ್ಲಿ ಯಾರೋ ಸಿಮ್ ತೆಗೆಯುತ್ತಾರೆ, ಆ ನಂಬರಿನಿಂದ ಇನ್ಯಾರಿಗೋ ಮೋಸ ಮಾಡುತ್ತಾರೆ. ಪ್ಯಾನ್ ಕೈಗೆ ಸಿಕ್ಕರೆ ಲೋನ್ ಆ್ಯಪಿನಲ್ಲಿ ಸಾಲ ಎತ್ತುತ್ತಾರೆ, ಜಿಎಸ್‌ಟಿ ನೋಂದಣಿ ಮಾಡಿಸುತ್ತಾರೆ. ಕೂಲಿ ಮಾಡುವವರಿಗೆ ಕೋಟಿ ಲೆಕ್ಕದ ತೆರಿಗೆ ನೋಟಿಸ್ ಬಂದ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದಲ್ಲ, ಅದರ ಮೂಲ ಇಂಥದ್ದೇ. ನಿನಗೆ ತಿಳಿಯುವುದು ಯಾವಾಗ? ಸ್ಕೂಟಿಗೆ ಸಾಲ ಕೇಳಲು ಹೋದಾಗ, ಹಳೇ ಸಾಲ ಕಟ್ಟಿಲ್ಲ ಅಂತ ಬ್ಯಾಂಕಿನವರು ಹೇಳಿದಾಗ. ಅಲ್ಲಿವರೆಗೆ ಕಾಯಬೇಡ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಜನರ ಸಾಲದ ಲೆಕ್ಕ ಇಡುವ ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ನಿನ್ನ ಸಾಲದ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ರಿಸರ್ವ್ ಬ್ಯಾಂಕಿನ ನಿಯಮ ಅದು. ಮೂರು ತಿಂಗಳಿಗೆ ಒಂದೊಂದರ ಹತ್ತಿರ ಕೇಳು, ವರ್ಷಪೂರ್ತಿ ಕಣ್ಣಿಟ್ಟ ಹಾಗಾಗುತ್ತದೆ.

ನನಗೆ ಜಾಸ್ತಿ ಯೋಚನೆ ಇರುವುದು ಹೆಬ್ಬೆಟ್ಟಿನದು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಬೆರಳು ಬದಲಾಯಿಸೋಕಾಗುತ್ತಾ? ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಸಣ್ಣ ಮಷಿನ್ ಹಿಡಿದು ದುಡ್ಡು ಕೊಡುತ್ತಾನಲ್ಲ, ಅದು ಎಇಪಿಎಸ್, ಆಧಾರ್ ಮೇಲೆ ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಸಾಕು. ಓಟಿಪಿ ಇಲ್ಲ, ಪಿನ್ ಇಲ್ಲ. ಬ್ಯಾಂಕಿಗೆ ನಡೆಯಲಾರದ ಮುದುಕರಿಗೆ ಅದರಿಂದ ಉಪಕಾರವಾಗಿದೆ, ಇಲ್ಲ ಅನ್ನಲ್ಲ. ಆದರೆ 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಇದೇ ದಾರಿಯಲ್ಲಿ ದುಡ್ಡು ಹೋಯಿತು. ಕ್ರಯಪತ್ರದಲ್ಲಿ ಆಧಾರ್ ನಂಬರೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಅದರಿಂದಲೇ ನಕಲಿ ಬೆರಳಚ್ಚು ಮಾಡಿದ್ದಾರೆ ಅನ್ನುವ ಅನುಮಾನ ಬಂತು.

ಅದಕ್ಕೆ ಯುಐಡಿಎಐನ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡು, ನಿನ್ನ ಬೆರಳಚ್ಚು ಎಲ್ಲೂ ನಡೆಯದ ಹಾಗೆ. ಇವತ್ತೇ ಮಾಡು. ನಿನಗೆ ಬೆರಳು ಒತ್ತುವ ಕೆಲಸ ಅಪರೂಪ, ಬೇಕಾದಾಗ ತೆಗೆದರಾಯಿತು. ಅಜ್ಜಿಯದೇ ಪೇಚಾಟ. ಲಾಕ್ ಮಾಡಿದರೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ತಗೊಳ್ಳಲ್ಲ, ಅಕ್ಕಿ ಸಿಗಲ್ಲ. ರೇಷನ್ ದಿನ ನಾನೇ ಜೊತೆಗೆ ಹೋಗಿ, ಸಾಲಿನಲ್ಲಿ ನಿಂತು ಅನ್‌ಲಾಕ್ ಮಾಡುತ್ತೇನೆ. ಮೊದಲೇ ಅವಳ ಬೆರಳು ಸವೆದಿದೆ, ಮಷಿನ್ ಮೂರು ಸಲ ಬೇಡ ಅನ್ನುತ್ತದೆ. ಹಿಂದೆ ನಿಂತವರು ನನ್ನನ್ನು ಬೈಯುತ್ತಾರೆ. ಬೈಯಲಿ.

ಯಾಕೆ ಬೇಕು ಅಂತ ಕೇಳಿದರೆ ಓನರ್ ತಪ್ಪು ತಿಳ್ಕೊಳ್ತಾರೆ ಅಂದೆಯಲ್ಲ? ನಮ್ಮ ಜನರ ಕಾಗದವೆಲ್ಲ ಹೊರಗೆ ಹೋಗುವುದು ಈ ಸಂಕೋಚದಿಂದಲೇ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ. ಆಗ ಅವರಿಗೆ 86 ವರ್ಷ. ಅದೇ ಕೇಸಿನಲ್ಲಿ 2017ರಲ್ಲಿ 9 ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ವಯಸ್ಸಿನವರು ಸರ್ಕಾರವನ್ನೇ ಕೇಳಿದ್ದಾರೆ, ನಿನಗೆ ಪಿಜಿ ಓನರ್ ಹತ್ತಿರ ಕೇಳೋಕೆ ಏನಮ್ಮಾ? ಸರ್ಕಾರಕ್ಕೂ ಇದರಲ್ಲಿ ಗೊಂದಲ ಇಲ್ಲದಿಲ್ಲ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಕಚೇರಿಯೇ ಯಾರಿಗೂ ಆಧಾರ್ ಜೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಕೊಡಿ ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ ದೆಹಲಿಯವರು ಅದನ್ನು ವಾಪಸ್ ತಗೊಂಡರು, ಜನ ತಪ್ಪು ತಿಳಿಯಬಹುದು ಅಂತ. ನನಗೇನೋ ಆ ಪ್ರಕಟಣೆಯೇ ಸರಿ ಅನ್ನಿಸಿತ್ತು. ನನ್ನ ವ್ಯಾಪಾರಕ್ಕೆ ಹೊಡೆತ ಬೀಳುತ್ತಿತ್ತು, ಅದು ಬೇರೆ ಮಾತು.

ಆಫೀಸಿನಲ್ಲೋ ಪಿಜಿಯಲ್ಲೋ ಯಾರಾದರೂ, ನಿನ್ನ ಹೆಸರಲ್ಲಿ ಒಂದು ಖಾತೆ ತೆಗೆದುಕೊಡು, ತಿಂಗಳಿಗೆ ಇಷ್ಟು ಕಮಿಷನ್ ಅಂದರೆ ಅಲ್ಲಿಂದ ಎದ್ದು ಬಾ. ಕದ್ದ ದುಡ್ಡು ದಾಟಿಸೋಕೆ ಅಂಥ ಖಾತೆ ಬೇಕಾಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ರೀಚಾರ್ಜ್ ಇದ್ದೂ ಇದ್ದಕ್ಕಿದ್ದ ಹಾಗೆ ಸಿಗ್ನಲ್ ಪೂರ್ತಿ ಹೋಗಿ, ಪಕ್ಕದವರಿಗೆ ಬರುತ್ತಿದ್ದರೆ ನೆಟ್‌ವರ್ಕ್ ಸರಿ ಇಲ್ಲ ಅಂತ ಸುಮ್ನೆ ಕೂರಬೇಡ. ನಿನ್ನ ನಂಬರಿಗೆ ಯಾರೋ ಹೊಸ ಸಿಮ್ ಮಾಡಿಸಿರಬಹುದು. ಆಗ ಓಟಿಪಿಯೆಲ್ಲ ಅವರಿಗೆ ಹೋಗುತ್ತದೆ. ಪಕ್ಕದವರ ಫೋನಿನಿಂದ ಮೊದಲು ಬ್ಯಾಂಕಿಗೆ, ಆಮೇಲೆ ಸಿಮ್ ಕಂಪನಿಗೆ ಫೋನ್ ಮಾಡು. ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡು. ಗಂಟೆಗಟ್ಟಲೆ ಯೋಚಿಸಬೇಡ, ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಬೇಕು. ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ, ನಿನ್ನ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿ 3 ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿನ್ನ ತಲೆಗೆ ಬರುವುದಿಲ್ಲ. ಓಟಿಪಿ ನೀನೇ ಹೇಳಿದ್ದರೆ, ತಿಳಿಸುವವರೆಗೆ ಹೋದದ್ದೆಲ್ಲ ನಿನ್ನದೇ. ಬೇರೆಯವರ ಪಾಸ್‌ವರ್ಡ್, ಗುರುತು ಬಳಸಿ ಮೋಸ ಮಾಡಿದವರಿಗೆ ಐಟಿ ಕಾಯ್ದೆಯ 66ಸಿ ಕಲಂನಲ್ಲಿ 3 ವರ್ಷದವರೆಗೆ ಜೈಲಿದೆ. ಸಿಗಬೇಕಲ್ಲ ಅವರು.

ಬ್ಯಾಂಕಿನ ನಂಬರ್, 1930, ಆಧಾರ್ ಸಹಾಯವಾಣಿ 1947, ಮೂರನ್ನೂ ಈ ಕಾಗದದ ಹಿಂದೆ ಬರೆದಿದ್ದೇನೆ. ಫೋನಿನಲ್ಲಿ ಸೇವ್ ಮಾಡಿಕೊಂಡರೆ ಸಾಲದು, ಫೋನೇ ಕಳೆದ ದಿನ ಏನು ಮಾಡ್ತೀಯ? ದೀಪಾವಳಿಗೆ ಬಂದಾಗ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಅಜ್ಜಿಯ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿಕೊಡು. ಅವಳ ಹತ್ತಿರ ಇರುವುದು ಒಂದೇ, ಆ ಬಟನ್ ಫೋನಿನದು.

ನಿನ್ನ ಅಪ್ಪ