ಮಿಷಿಗನ್ ಅಂದ್ರೆ ಯಾಕಷ್ಟು ಉರಿ?

ಪ್ರೀತಿಯ ಪುಟ್ಟಿ,

ಒಹಾಯೋ ಸ್ಟೇಟ್ ಫುಟ್ಬಾಲ್ ಅಭಿಮಾನಿಗಳಿಗೆ ಮಿಷಿಗನ್ ಅಂದ್ರೆ ಯಾಕಷ್ಟು ಉರಿ ಅನ್ನುವ ನಿನ್ನ ಪ್ರಶ್ನೆಯನ್ನು ನಿಮ್ಮಪ್ಪನಿಗೆ ಬಿಟ್ಟರೆ ಉತ್ತರ ಒಂದೇ ಕಡೆ ವಾಲುತ್ತದೆ. ಅವರು ಮಿಷಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ನಲ್ಲಿ ಎಂ.ಎಸ್. ಮಾಡಿದವರು, ಮಿಷಿಗನ್ ಬಿಟ್ಟು ಬೇರೆ ಟೀಮಿಗೆ ಚಪ್ಪಾಳೆ ತಟ್ಟಿದ್ದನ್ನು ನಾನಂತೂ ನೋಡಿಲ್ಲ. ನನಗೆ ಹೋದ ಆಗಸ್ಟ್‌ವರೆಗೆ ಯಾವ ಕಡೆಯೂ ಇರಲಿಲ್ಲ. ಈಗ ನಿನ್ನ ಫೀಸು ಕೊಲಂಬಸ್‌ಗೆ ಹೋಗುತ್ತಿದೆ, ಅಷ್ಟರಮಟ್ಟಿಗೆ ನಾನೂ ನೀನು ಓದುವ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಕಡೆ. ಆದರೂ ಎರಡು ರಾಜ್ಯಗಳ ಗಡಿಯ ಟೊಲಿಡೊದಲ್ಲಿ ಇಷ್ಟು ವರ್ಷ ಇದ್ದು, ಫಾರ್ಮಸಿಯಲ್ಲಿ ಎರಡೂ ಕಡೆಯವರ ಮಧ್ಯೆ ನಿಂತು ಕೆಲಸ ಮಾಡಿ ನನಗೆ ಅರ್ಥವಾದದ್ದನ್ನು ಬರೆಯುತ್ತೇನೆ. ನೀನು ಇಲ್ಲೇ ಬೆಳೆದರೂ ಕೈಯಲ್ಲಿ ಚೆಂಡು ಹಿಡಿದು ಓಡುವ ಈ ಅಮೆರಿಕನ್ ಫುಟ್ಬಾಲ್ ಕಡೆ ತಲೆ ಹಾಕಿದವಳಲ್ಲ.

ಪೆನ್ ಸ್ಟೇಟ್ ಕೂಡ ದೊಡ್ಡ ಟೀಮು, ಆರೆಗನ್ ಈಗ ನಮ್ಮ ಬಿಗ್ ಟೆನ್ ಲೀಗಿಗೆ ಬಂದಿದೆ, ಅವರ ಕೈಲಿ ಸೋತರೆ ಇಷ್ಟು ಉರಿಯಲ್ಲ, ಮಿಷಿಗನ್ ಅಂದ್ರೆ ಮಾತ್ರ ಯಾಕೆ ಹೀಗೆ ಅಂತ ಕೇಳಿದೆ. ಕ್ಯಾಂಪಸ್ಸಿನ ಬೋರ್ಡುಗಳಲ್ಲಿ 'ಎಂ' ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನಲ್ಲಿ ಇಂಟು ಮಾರ್ಕ್ ಹಾಕಿದ್ದನ್ನು ನೋಡಿ ನಕ್ಕೆಯಂತೆ. ಮಿಷಿಗನ್ ಆಟದ ವಾರ ಪೂರ್ತಿ ಅಲ್ಲಿ ಹಾಗೇ. ಕಟ್ಟಾ ಅಭಿಮಾನಿಗಳು ವರ್ಷವಿಡೀ ಮಿಷಿಗನ್ ಹೆಸರನ್ನೇ ಎತ್ತುವುದಿಲ್ಲ, "ಟೀಮ್ ಅಪ್ ನಾರ್ತ್" ಅನ್ನುತ್ತಾರೆ. ನಮ್ಮಜ್ಜಿ ಅಜ್ಜನ ಹೆಸರು ಹೇಳದೆ "ಅವರು" ಅಂತ ಜೀವನ ಕಳೆದ ಹಾಗೆ. ಅಜ್ಜಿಯದು ಮರ್ಯಾದೆ, ಇವರದು ಸಿಟ್ಟು. ಆದರೆ ಇಬ್ಬರ ತಲೆಯಲ್ಲೂ ಇಡೀ ದಿನ ಸುತ್ತುತ್ತಿದ್ದದ್ದು ಅದೇ ಒಬ್ಬ ಆಸಾಮಿ, ಅಲ್ವಾ?

ಟಿವಿಯವರು ಪ್ರತಿ ನವೆಂಬರ್‌ನಲ್ಲೂ ಟೊಲಿಡೊ ಯುದ್ಧದ ಕಥೆ ತೆಗೆಯುತ್ತಾರೆ. ನಮ್ಮೂರಿನ ಕಥೆ, ಕೇಳಿರಲಿ. 1835ರಲ್ಲಿ ಈ ಊರು ಒಹಾಯೋಗೆ ಸೇರಬೇಕೋ ಮಿಷಿಗನ್‌ಗೆ ಸೇರಬೇಕೋ ಅಂತ ಎರಡೂ ಕಡೆಯವರು ಬಂದೂಕು ಹಿಡಿದು ನಿಂತಿದ್ದರು. ಮಾಮಿ ನದಿ ಎರಿ ಸರೋವರ ಸೇರುವ ಜಾಗ, ವ್ಯಾಪಾರಕ್ಕೆ ಬೇಕಾದ ಜಾಗ. ಯಾರೂ ಸಾಯಲಿಲ್ಲ. ಮಿಷಿಗನ್ ಕಡೆಯ ಒಬ್ಬ ಡೆಪ್ಯುಟಿ ಶೆರಿಫ್‌ಗೆ ಇಲ್ಲಿನ ಹುಡುಗನೊಬ್ಬ ಪುಟ್ಟ ಚಾಕುವಿನಿಂದ ಚುಚ್ಚಿದ, ರಕ್ತ ಹರಿದದ್ದು ಅಷ್ಟೇ. ಆ ಹುಡುಗನ ಹೆಸರು ಟೂ ಸ್ಟಿಕ್ನಿ. ಅವನ ಅಣ್ಣನ ಹೆಸರು ಒನ್ ಸ್ಟಿಕ್ನಿ. ನಿಜವಾಗಿಯೂ! ನಿನಗೆ ಹೆಸರಿಡಲು ನಾವು ಪಟ್ಟ ಪಾಡು ನೆನೆದರೆ ಆ ಅಪ್ಪನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಕೊನೆಗೆ ಟೊಲಿಡೊ ಒಹಾಯೋಗೆ ಬಂತು. ಮಿಷಿಗನ್‌ಗೆ ಬದಲಿಯಾಗಿ ಉತ್ತರದ ಕಾಡು ಸಿಕ್ಕಿತು. ಆಗ ಅತ್ತುಕೊಂಡೇ ಒಪ್ಪಿದರು, ಆಮೇಲೆ ಅದೇ ಕಾಡಿನಲ್ಲಿ ತಾಮ್ರ, ಕಬ್ಬಿಣ ಸಿಕ್ಕಿತು.

ಕಥೆ ಚೆನ್ನಾಗಿದೆ. ಆದರೆ ಫುಟ್ಬಾಲಿನ ಜಿದ್ದಿಗೆ ಅದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಎರಡೂ ಕಾಲೇಜು ಮೊದಲು ಆಡಿದ್ದೇ 1897ರಲ್ಲಿ. ಮಿಷಿಗನ್ 34-0ರಿಂದ ಗೆದ್ದಿತು. 1902ರಲ್ಲಿ 86-0! 1918ರವರೆಗೆ ಆಡಿದ 15 ಆಟಗಳಲ್ಲಿ ಒಹಾಯೋ ಸ್ಟೇಟ್ ಒಂದನ್ನೂ ಗೆಲ್ಲಲಿಲ್ಲ, ಎರಡು ಸಮವಾದವು. ಅಷ್ಟು ವರ್ಷ ಒಹಾಯೋದವರಿಗೆ ಮಿಷಿಗನ್ ಮೇಲೆ ಕಣ್ಣಿತ್ತು, ಮಿಷಿಗನ್‌ನವರಿಗೆ ಒಹಾಯೋ ಒಂದು ಲೆಕ್ಕಕ್ಕೇ ಇರಲಿಲ್ಲ. ಗಡಿ ಜಗಳದ ನೆನಪು ಇದ್ದರೇನು, ಒಂದೇ ಕಡೆಯಿಂದ ಉರಿದರೆ ಅದು ಜಿದ್ದಾಗುವುದಿಲ್ಲ. 1919ರಲ್ಲಿ ಚಿಕ್ ಹಾರ್ಲಿ ಅನ್ನುವ ಕೊಲಂಬಸ್ ಹುಡುಗನ ಟೀಮು ಆನ್ ಆರ್ಬರ್‌ಗೇ ಹೋಗಿ 13-3ರಿಂದ ಗೆದ್ದು ಬಂದ ಮೇಲೆ ಆ ಕಡೆಯವರೂ ಇತ್ತ ತಿರುಗಿ ನೋಡಿದರು.

ಅಲ್ಲಿಂದ ಮುಂದೆ ನೋಡು, ಒಹಾಯೋದವರ ಮನೆಯ ಒಂದೊಂದು ವಸ್ತುವಿಗೂ ಮಿಷಿಗನ್ನಿನ ಕೈ ತಾಗಿದೆ. ನೀನು ದಿನಾ ದಾಟಿಕೊಂಡು ಹೋಗುವ ಒಹಾಯೋ ಸ್ಟೇಡಿಯಂ ಇದೆಯಲ್ಲ, 1922ರಲ್ಲಿ ಅದರ ಉದ್ಘಾಟನೆಯ ಆಟಕ್ಕೆ ಕರೆದದ್ದು ಮಿಷಿಗನ್ನನ್ನು. ಅವರು ಬಂದು 19-0ರಿಂದ ಗೆದ್ದುಕೊಂಡು ಹೋದರು. 1927ರಲ್ಲಿ ಮಿಷಿಗನ್ ತನ್ನ ಸ್ಟೇಡಿಯಂ ಉದ್ಘಾಟನೆಗೆ ಕರೆದದ್ದು ಒಹಾಯೋ ಸ್ಟೇಟನ್ನು. ಅಲ್ಲೂ ಮಿಷಿಗನ್ನೇ, 21-0. ನಿಮ್ಮ ಬ್ಯಾಂಡಿನವರು ಮೈದಾನದಲ್ಲಿ ಕೂಡು ಅಕ್ಷರದಲ್ಲಿ 'ಒಹಾಯೋ' ಬರೆದು, ಸೂಸಫೋನ್ ಅನ್ನುವ ದೊಡ್ಡ ಕಹಳೆ ಹಿಡಿದವನು ಕುಣಿಯುತ್ತಾ ಹೋಗಿ 'ಐ' ಮೇಲಿನ ಚುಕ್ಕಿಯಾಗಿ ನಿಲ್ಲುತ್ತಾನಲ್ಲ, ಅದನ್ನು ಅವರು ಶುರು ಮಾಡಿದ್ದು 1936ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು ಕೊಲಂಬಸ್‌ಗೆ ಬಂದಿದ್ದ ಮಿಷಿಗನ್ ಬ್ಯಾಂಡು ಅದೇ ಮೈದಾನದಲ್ಲಿ 'ಒಹಾಯೋ' ಬರೆದು ತೋರಿಸಿತ್ತು. ಇದನ್ನು ನಿನ್ನ ರೂಮ್‌ಮೇಟ್ ಮುಂದೆ ಹೇಳಬೇಡ, ಪರೀಕ್ಷೆ ಮುಗಿಯುವವರೆಗಾದರೂ ನಿಮ್ಮಿಬ್ಬರ ಸ್ನೇಹ ಉಳಿಯಲಿ.

ಆಟಗಾರರೂ ಹಾಗೇ. ಮಿಷಿಗನ್ ಪರ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ಮೂವರಲ್ಲಿ ಇಬ್ಬರು ಒಹಾಯೋದ ಮಕ್ಕಳು. 1991ರ ಡೆಸ್ಮಂಡ್ ಹವರ್ಡ್ ಕ್ಲೀವ್‌ಲ್ಯಾಂಡಿನವನು, 1997ರ ಚಾರ್ಲ್ಸ್ ವುಡ್ಸನ್ ನಮ್ಮ ಪಕ್ಕದ ಫ್ರೀಮಾಂಟಿನವನು. ಒಹಾಯೋದವರಿಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುವುದು ಇಂಥದ್ದಕ್ಕೆ. ದೂರದ ಆರೆಗನ್ ಇಂಥ ನೋವು ಕೊಡಲಾರದು.

ಇದಕ್ಕೆಲ್ಲ ಮೇಲಾದದ್ದು 1950ರ ಹಿಮದ ಆಟ. ನಮ್ಮ ಫಾರ್ಮಸಿಗೆ ಬರುವ ಹಿರಿಯರು ಇವತ್ತಿಗೂ ಅದನ್ನು 'ಸ್ನೋ ಬೌಲ್' ಅಂತ ಹೆಸರು ಹಿಡಿದು ಹೇಳುತ್ತಾರೆ. ನವೆಂಬರ್ 25, ಕೊಲಂಬಸ್. ಹಿಮಗಾಳಿ ಹೇಗಿತ್ತೆಂದರೆ ಮೈದಾನದ ಗೆರೆಗಳೇ ಕಾಣುತ್ತಿರಲಿಲ್ಲ. ಚೆಂಡು ಹಿಡಿದರೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಎರಡೂ ಟೀಮು ಆಡುವುದನ್ನೇ ಬಿಟ್ಟು ಚೆಂಡನ್ನು ದೂರ ಒದ್ದು ಎದುರಿನವರ ತಲೆಗೆ ಕಟ್ಟತೊಡಗಿದವು, ತಪ್ಪು ಮಾಡಿದರೆ ಅವರೇ ಮಾಡಲಿ ಅಂತ. ಒಟ್ಟು 45 ಸಲ ಒದ್ದರು. ಮಿಷಿಗನ್ ಇಡೀ ಆಟದಲ್ಲಿ ಒಂದೇ ಒಂದು ಫಸ್ಟ್ ಡೌನ್ (ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗುವುದು) ಕೂಡ ಗಳಿಸಲಿಲ್ಲ, ಆದರೂ 9-3ರಿಂದ ಗೆದ್ದಿತು. ಒಹಾಯೋ ಒದ್ದ ಚೆಂಡನ್ನು ತಡೆದಾಗ ಅದರ ಮೇಲೆ ಬಿದ್ದು ಟಚ್‌ಡೌನ್ ಮಾಡಿದವನು ಟೋನಿ ಮಾಮ್ಸನ್. ಒಹಾಯೋಗೆ ಬಂದ ಆ ಮೂರು ಪಾಯಿಂಟಿಗೆ ದಾರಿ ಮಾಡಿದ್ದೂ ಅಂಥದ್ದೇ ಒಂದು ತಡೆದ ಚೆಂಡು, ಅದರ ಮೇಲೆ ಬಿದ್ದವನು ಬಾಬ್ ಮಾಮ್ಸನ್. ಇಬ್ಬರೂ ಅಣ್ಣತಮ್ಮಂದಿರು, ನಮ್ಮ ಟೊಲಿಡೊದವರು. ಆ ರಾತ್ರಿ ಅವರ ಅಮ್ಮ ಯಾರಿಗೆ ಮೊದಲು ಬಡಿಸಿದಳೋ ಏನೋ.

ಆ ಸೋಲಿನ ನಂತರ ಒಹಾಯೋ ಕೋಚ್ ಕೆಲಸ ಬಿಟ್ಟರು. ಆ ಜಾಗಕ್ಕೆ ಬಂದವರು ವುಡಿ ಹೇಯ್ಸ್. ಅಂದರೆ ಒಹಾಯೋ ಚರಿತ್ರೆಯ ಅತಿ ದೊಡ್ಡ ಕೋಚ್ ಬಂದದ್ದೂ ಮಿಷಿಗನ್ ಕೈಲಿ ಸೋತದ್ದರಿಂದಲೇ! ಇನ್ನೂ ಕೇಳು. ಹೇಯ್ಸ್ ಕೈಕೆಳಗೆ ಆಡಿ, ಆಮೇಲೆ ಅವರ ಅಸಿಸ್ಟೆಂಟ್ ಆಗಿ ಕೊಲಂಬಸ್‌ನಲ್ಲೇ ಕೆಲಸ ಕಲಿತ ಬೋ ಶೆಂಬೆಕ್ಲರ್, ಹುಟ್ಟಿದ್ದೂ ಒಹಾಯೋದಲ್ಲೇ, 1969ರಲ್ಲಿ ಮಿಷಿಗನ್ ಕೋಚ್ ಆದರು. ಒಹಾಯೋ ಆಗ ಹಿಂದಿನ ವರ್ಷದ ಚಾಂಪಿಯನ್, ಸತತ 22 ಆಟ ಗೆದ್ದು ಬಂದಿತ್ತು. ಶಿಷ್ಯನ ಟೀಮು ಗುರುವಿನ ಟೀಮನ್ನು 24-12ರಿಂದ ಕೆಡವಿತು. ಅಲ್ಲಿಂದ ಹತ್ತು ವರ್ಷ ಇಬ್ಬರೂ ಎದುರುಬದುರು. ಲೆಕ್ಕ ಮುಗಿದಾಗ ಬೋ 5, ವುಡಿ 4, ಒಂದು ಸಮ.

ಆ ಒಂದು ಸಮವಾದ ಆಟವೇ ನಿನ್ನ ಪ್ರಶ್ನೆಗೆ ಹತ್ತಿರದ ಉತ್ತರ ಅಂತ ನನಗನ್ನಿಸುತ್ತದೆ. ಆಗ ಬಿಗ್ ಟೆನ್‌ನಿಂದ ಸೀಸನ್ ಮುಗಿದ ಮೇಲೆ ಒಂದೇ ಟೀಮು ಹೊರಗೆ ಹೋಗಬಹುದಿತ್ತು, ಬೇರೆ ಲೀಗಿನ ಗೆದ್ದವರ ಜೊತೆ ಆಡುವ ರೋಸ್ ಬೌಲ್‌ಗೆ. ಎರಡನೆಯವರು ಎಷ್ಟೇ ಚೆನ್ನಾಗಿ ಆಡಿರಲಿ, ಮನೆಯಲ್ಲಿ ಕೂರಬೇಕು. 1973ರಲ್ಲಿ ಎರಡೂ ಟೀಮು ಒಂದೂ ಸೋಲದೆ ಆನ್ ಆರ್ಬರ್‌ನಲ್ಲಿ ಎದುರಾದವು. 10-10. ಯಾರನ್ನು ಕಳಿಸುವುದು? ಮರುದಿನ ಬಿಗ್ ಟೆನ್ ಕಾಲೇಜುಗಳ ಕ್ರೀಡಾ ನಿರ್ದೇಶಕರು ವೋಟು ಹಾಕಿದರು. ಹಿಂದಿನ ವರ್ಷ ಒಹಾಯೋ ಹೋಗಿತ್ತು, ಹಾಗಾಗಿ ಈ ಸಲ ಮಿಷಿಗನ್ ಅಂತಲೇ ಎಲ್ಲರ ಎಣಿಕೆ. ಆದರೆ ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್ (ಟೀಮಿನ ಆಟ ನಡೆಸುವವನು) ಡೆನಿಸ್ ಫ್ರ್ಯಾಂಕ್ಲಿನ್‌ಗೆ ಆ ಆಟದಲ್ಲಿ ಕೊರಳ ಮೂಳೆ ಮುರಿದಿತ್ತು. ವೋಟು ಒಹಾಯೋಗೆ ಬಿತ್ತು. ಬೋ ಸಾಯುವವರೆಗೂ ಅದನ್ನು ಮರೆಯಲಿಲ್ಲ. 1972ರಿಂದ 74ರವರೆಗೆ ಮೂರು ವರ್ಷದಲ್ಲಿ ಮಿಷಿಗನ್ 30 ಆಟ ಗೆದ್ದು, ಎರಡೇ ಸೋತು, ಒಂದು ಸಮ ಮಾಡಿ, ಒಂದು ಸಲವೂ ಹೊರಗೆ ಹೋಗಲಿಲ್ಲ. ಸೋತ ಎರಡೂ ಒಹಾಯೋಗೇ. ಬಾಗಿಲು ಒಂದೇ ಇದ್ದು, ಅದರಲ್ಲಿ ಪ್ರತಿ ವರ್ಷ ಅದೇ ಮನುಷ್ಯ ಅಡ್ಡ ನಿಂತರೆ ಬೇರೆ ಯಾರ ಮೇಲೆ ಸಿಟ್ಟು ಬರುತ್ತದೆ ಹೇಳು.

ಆ ನಿಯಮ ಹೋಗಿ ಎಷ್ಟೋ ಕಾಲವಾಯಿತು. ಈಗ 12 ಟೀಮುಗಳು ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೆ ಆಡುವ ಪ್ಲೇಆಫ್ ಬಂದಿದೆ, ಸೋತರೂ ಇನ್ನೊಂದು ಬಾಗಿಲಿದೆ. ಇನ್ನು ಈ ಆಟಕ್ಕೆ ಬೆಲೆ ಇಲ್ಲ ಅಂತ ನಮ್ಮಲ್ಲೂ ಕೆಲವರು ಹೇಳಿದರು. 2024ರಲ್ಲಿ ಏನಾಯಿತು? ಅದಾಗಲೇ ಐದು ಆಟ ಸೋತಿದ್ದ ಮಿಷಿಗನ್ ಕೊಲಂಬಸ್‌ಗೆ ಬಂದು 13-10ರಿಂದ ಗೆದ್ದಿತು, ಸತತ ನಾಲ್ಕನೇ ಸಲ. ಕೋಚ್ ರಯನ್ ಡೇ ಅವರನ್ನು ಓಡಿಸಿ ಅಂತ ಒಹಾಯೋದವರೇ ಕೂಗಾಡಿದರು. ಅದೇ ಟೀಮು ಅದೇ ಸೀಸನ್ನಿನ ರಾಷ್ಟ್ರೀಯ ಚಾಂಪಿಯನ್ ಆಯಿತು! ಎಲ್ಲರ ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಹಾಯೋ ಅಭಿಮಾನಿ ಒಬ್ಬಳು ಜನವರಿಯಲ್ಲಿ ಸಿಹಿ ಹಂಚುತ್ತಲೇ "ಆದರೂ ಅವರ ಮೇಲೆ ಸೋತೆವಲ್ಲ" ಅಂದಳು.

ಮಿಷಿಗನ್ನನ್ನು ಸೋಲಿಸಿದ ವರ್ಷ ಒಹಾಯೋದ ಪ್ರತಿ ಆಟಗಾರನಿಗೂ ಬೆರಳಿನ ಉಗುರಿನಷ್ಟು ಒಂದು ಚಿನ್ನದ ಪ್ಯಾಂಟಿನ ಲಾಕೆಟ್ ಕೊಡುತ್ತಾರೆ. 1934ರಲ್ಲಿ ಆಗಿನ ಕೋಚ್, ಮಿಷಿಗನ್‌ನವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟು ಹಾಕಿಕೊಳ್ಳುವವರು, ಹೆದರಬೇಡಿ ಅಂದರಂತೆ. ಅಲ್ಲಿಂದ ಈ ಪದ್ಧತಿ. ಬೇರೆ ಯಾರನ್ನು ಸೋಲಿಸಿದರೂ ಅದು ಸಿಗುವುದಿಲ್ಲ. 2024ರ ಹುಡುಗರಿಗೆ ಚಾಂಪಿಯನ್ ಉಂಗುರ ಬಂತು, ಆ ವರ್ಷದ ಪ್ಯಾಂಟು ಬರಲಿಲ್ಲ. ಇನ್ನೊಬ್ಬ ಕೋಚ್ ಜಾನ್ ಕೂಪರ್ 13 ವರ್ಷದಲ್ಲಿ 111 ಆಟ ಗೆದ್ದರು, ಮಿಷಿಗನ್ ಮೇಲೆ ಗೆದ್ದದ್ದು ಎರಡೇ. ಜನ ಇವತ್ತಿಗೂ ಹೇಳುವುದು ಆ ಎರಡನೇ ಲೆಕ್ಕವನ್ನೇ.

ನಿಜವಾದ ಎದುರಾಳಿ ಅಂದರೆ ನನ್ನ ಮಟ್ಟಿಗೆ ಇಷ್ಟೇ ಪುಟ್ಟಿ. ಅವನ ಕೈಲಿ ಸೋತದ್ದನ್ನು ಬೇರೆ ಯಾರನ್ನು ಗೆದ್ದರೂ ತುಂಬಿಸಿಕೊಳ್ಳಲು ಆಗಬಾರದು. ಮತ್ತು ಅವನಿಗೂ ನಿನ್ನ ವಿಷಯದಲ್ಲಿ ಹಾಗೇ ಆಗಬೇಕು. ಇದನ್ನು ಆಫೀಸಿನಲ್ಲಿ ಕೂತು ಹುಟ್ಟಿಸಲು ಬರುವುದಿಲ್ಲ. ಕನೆಕ್ಟಿಕಟ್ ಯೂನಿವರ್ಸಿಟಿಯ ಕೋಚ್ ಒಬ್ಬರು 2015ರಲ್ಲಿ ಹುಟ್ಟಿಸಲು ನೋಡಿದ್ದರು. ಸಾವಿರ ಮೈಲಿಗೂ ದೂರದ ಸೆಂಟ್ರಲ್ ಫ್ಲಾರಿಡಾ ಯೂನಿವರ್ಸಿಟಿ ನಮ್ಮ ಎದುರಾಳಿ ಅಂತ ಸಾರಿದರು, ಹೆಸರಿಟ್ಟರು, ಟ್ರೋಫಿಯನ್ನೂ ಮಾಡಿಸಿದರು. ಆ ಕಡೆಯವರು ನಮಗೇನೂ ಗೊತ್ತಿಲ್ಲ ಅಂದರು. ಮರುವರ್ಷ ಫ್ಲಾರಿಡಾದವರು ಗೆದ್ದು, ಟ್ರೋಫಿಯನ್ನು ಮೈದಾನದ ಬದಿಯಲ್ಲೇ ಬಿಟ್ಟು ಬಸ್ ಹತ್ತಿದರು. ಪಾಪ ಅನ್ನಿಸುತ್ತದೆ. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನೋಡು, ಲೀಗು ಬೇರೆಯಾಗಿ 2011ರ ನಂತರ 2024ರವರೆಗೆ ಆಡಲೇ ಇಲ್ಲ. ಆಟವೇ ಇಲ್ಲದ ಅಷ್ಟೂ ವರ್ಷ ಎ ಅಂಡ್ ಎಂ ಹುಡುಗರು ತಮ್ಮ ಕಾಲೇಜು ಹಾಡಿನಲ್ಲಿ ಟೆಕ್ಸಸ್‌ಗೆ ಬೈಯುತ್ತಲೇ ಇದ್ದರು.

2025ರಲ್ಲಿ ಒಹಾಯೋ 27-9ರಿಂದ ಗೆದ್ದು ಮಿಷಿಗನ್ನಿನ ಸತತ ಗೆಲುವಿನ ಸಾಲು ಮುರಿಯಿತು, ಹಾಗಾಗಿ ಈ ಸಲ ಮಿಷಿಗನ್‌ನವರು ಹಸಿದುಕೊಂಡು ಬರುತ್ತಾರೆ. ಶನಿವಾರ ಸ್ಟೇಡಿಯಂಗೆ ಹೋಗುವುದಾದರೆ ಒಳಗೆ ಥರ್ಮಲ್ ಹಾಕಿಕೊ. ಆಟ ಮುಗಿದ ಕೂಡಲೇ ಮೈದಾನಕ್ಕೆ ನುಗ್ಗಬೇಡ. 2024ರಲ್ಲಿ ಮಿಷಿಗನ್ ಹುಡುಗರು ಬಾವುಟ ನೆಡಲು ಹೋಗಿ ಹೊಡೆದಾಟವಾಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದಿದ್ದರು. ಜಿದ್ದಿನ ಹೆಸರಲ್ಲಿ ಅಂಥದ್ದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. 1982ರಿಂದ ಎರಡೂ ಕಾಲೇಜಿನವರು ಯಾರು ಜಾಸ್ತಿ ರಕ್ತ ಕೊಡುತ್ತಾರೆ ಅಂತ ಪಂದ್ಯ ಕಟ್ಟಿಕೊಂಡು ರಕ್ತದಾನ ಮಾಡುತ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದರೆ ಹೋಗಿ ಕೊಡು, ಕೊಡುವ ಮೊದಲು ಏನಾದರೂ ತಿನ್ನು.

ಬುಧವಾರ ಸಂಜೆಯೊಳಗೆ ಬಂದುಬಿಡು, ಕತ್ತಲಾದ ಮೇಲೆ ಯು.ಎಸ್. 23ರಲ್ಲಿ ಡ್ರೈವ್ ಮಾಡಬೇಡ. ಗುರುವಾರ ಪಕ್ಕದ ಮನೆಯವರು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದ್ದಾರೆ. ಗಂಡ ಮಿಷಿಗನ್, ಹೆಂಡತಿ ಒಹಾಯೋ, ಗೊತ್ತಲ್ಲ. ನಾನು ಚಿತ್ರಾನ್ನ ಮಾಡಿ ತರುತ್ತೇನೆ ಅಂದಿದ್ದೆ. ಅದು ಮಿಷಿಗನ್ನಿನ ಹಳದಿ ಅಂತ ನಿಮ್ಮಪ್ಪ ಬೆಳಗಿನಿಂದ ಕುಣಿಯುತ್ತಿದ್ದಾರೆ. ಅದಕ್ಕೇ ಪುಳಿಯೋಗರೆ ಮಾಡುತ್ತಿದ್ದೇನೆ. ಬರುವಾಗ ನಿನ್ನ ಹತ್ತಿರ ಇರುವ ಆ ದೊಡ್ಡ ಡಬ್ಬಿ ತೆಗೆದುಕೊಂಡು ಬಾ.

ಪ್ರೀತಿಯಿಂದ,
ಅಮ್ಮ